ಐನೂರು ಕಾರುಗಳ ಪಾಠ: ಸೀಮಿತ ಉತ್ಪಾದನೆಯ ತಂತ್ರವೂ ಲೆಕ್ಕಾಚಾರವೂ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿಯನ್ನು ಹಾದುಹೋಗುವ ನಮ್ಮ ಭಾಗದ ಪ್ರತಿಯೊಬ್ಬ ವ್ಯಾಪಾರಿಗೂ ಟೊಯೊಟಾ ಎಂಬ ಹೆಸರು ಚಿರಪರಿಚಿತ. 1997ರಲ್ಲಿ ಸ್ಥಾಪನೆಯಾದ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯು 1999ರ ಡಿಸೆಂಬರಿನಲ್ಲಿ ಬಿಡದಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಕ್ವಾಲಿಸ್, ಇನ್ನೋವಾ, ಫಾರ್ಚೂನರ್ ಮುಂತಾದ ವಾಹನಗಳು ಇಲ್ಲಿಂದಲೇ ದೇಶದ ರಸ್ತೆಗಳಿಗೆ ಇಳಿದವು. ಟೊಯೊಟಾ ಒಡೆತನದ ಐಷಾರಾಮಿ ಕಾರು ವಿಭಾಗವಾದ ಲೆಕ್ಸಸ್‌ನ ಇಎಸ್ 300ಎಚ್ ಮಾದರಿಯ ಸ್ಥಳೀಯ ತಯಾರಿಕೆಯೂ 2020ರಲ್ಲಿ ಇದೇ ಬಿಡದಿಯಲ್ಲಿ ಆರಂಭವಾಯಿತು. ಈ ಕಾರ್ಖಾನೆಯ ನೆರೆಹೊರೆಯಲ್ಲಿ ಬೆಳೆದ ಬಿಡಿಭಾಗ ತಯಾರಕರು ಬಹುಸಂಖ್ಯೆಯ ಉತ್ಪಾದನೆಯ ಶಿಸ್ತನ್ನು ಸಾಕಷ್ಟು ಕಲಿತಿದ್ದಾರೆ.

ಆದರೆ ಇದೇ ಟೊಯೊಟಾ ಸಂಸ್ಥೆಯು ಜಪಾನಿನಲ್ಲಿ ಸುಮಾರು ಹತ್ತು ವರ್ಷಗಳ ಕಾಲ ಶ್ರಮಿಸಿ, ಕೇವಲ 500 ಕಾರುಗಳನ್ನು ತಯಾರಿಸಿ, ಅಲ್ಲಿಗೇ ನಿಲ್ಲಿಸಿದ ಇನ್ನೊಂದು ಉದಾಹರಣೆಯಿದೆ. ಅದು ಲೆಕ್ಸಸ್ ಎಲ್‌ಎಫ್‌ಎ ಎಂಬ ಸೂಪರ್‌ಕಾರು. ವರ್ಷಕ್ಕೆ ಕೋಟಿಯ ಆಸುಪಾಸಿನಲ್ಲಿ ವಾಹನ ಮಾರುವ ಸಮೂಹವೊಂದು ಐನೂರು ಕಾರುಗಳಿಗಾಗಿ ಇಷ್ಟೇಕೆ ಶ್ರಮಿಸಿತು? ಆ ಕಾರಿನ ರಚನೆ ಎಂಥದು? ಅದರಿಂದ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಸಣ್ಣ ಉದ್ಯಮಿಯು ಗ್ರಹಿಸಬಹುದಾದುದೇನು? ಈ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕುವುದು ಈ ಲೇಖನದ ಉದ್ದೇಶ.

ಹಿನ್ನೆಲೆ: ಮಗ್ಗದಿಂದ ಮೋಟಾರಿಗೆ

ಟೊಯೊಟಾದ ಮೂಲ ವೃತ್ತಿ ಕಾರು ತಯಾರಿಕೆಯಲ್ಲ, ಮಗ್ಗ ತಯಾರಿಕೆ. ಸಂಸ್ಥೆಯ ಮೂಲಪುರುಷರಾದ ಸಾಕಿಚಿ ಟೊಯೊಡಾ ಅವರು 1924ರಲ್ಲಿ ಸಿದ್ಧಪಡಿಸಿದ ಸ್ವಯಂಚಾಲಿತ ಮಗ್ಗದಲ್ಲಿ ಒಂದು ವಿಶೇಷವಿತ್ತು. ಎಳೆ ಹರಿದೊಡನೆ ಮಗ್ಗವು ತಾನಾಗಿಯೇ ನಿಲ್ಲುತ್ತಿತ್ತು. ಹೀಗಾಗಿ ದೋಷವಿರುವ ಬಟ್ಟೆ ಗಜಗಟ್ಟಲೆ ನೇಯ್ದುಹೋಗುವ ನಷ್ಟ ತಪ್ಪಿತು. ಒಬ್ಬನೇ ಕೆಲಸಗಾರ ಅನೇಕ ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು. ಈ ಮಗ್ಗದ ಹಕ್ಕುಸ್ವಾಮ್ಯದ ಬಗ್ಗೆ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಸಂಸ್ಥೆಯೊಡನೆ 1929ರಲ್ಲಿ 1 ಲಕ್ಷ ಪೌಂಡುಗಳ ಒಪ್ಪಂದವಾಯಿತು. ಸಾಕಿಚಿಯವರ ಪುತ್ರ ಕಿಯಿಚಿರೊ ಅವರು ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗವನ್ನು ತೆರೆದರು. 1937ರಲ್ಲಿ ಅದು ಪ್ರತ್ಯೇಕ ಮೋಟಾರು ಕಂಪನಿಯಾಯಿತು.

ರೇಷ್ಮೆಯೂರಾದ ರಾಮನಗರದ ಓದುಗರಿಗೆ ಈ ಇತಿಹಾಸವನ್ನು ನೆನಪಿಸಲು ಕಾರಣವಿದೆ. ಮೋಟಾರಿನ ಬೆನ್ನು ಹತ್ತಿ ಹೋದ ಆ ಸಂಸ್ಥೆಯು ತನ್ನ ಅತ್ಯಂತ ಕ್ಲಿಷ್ಟವಾದ ಕಾರನ್ನು ಕಟ್ಟುವಾಗ ಮತ್ತೆ ಮಗ್ಗದ ಬಳಿಗೇ ಮರಳಬೇಕಾಯಿತು. ಆ ವಿಷಯವನ್ನು ಮುಂದೆ ನೋಡೋಣ.

ಯೋಜನೆಯ ನಡೆ

ಎಲ್‌ಎಫ್‌ಎ ಕಾರಿನ ಅಭಿವೃದ್ಧಿ ಕಾರ್ಯವು 2000ದಲ್ಲಿ ಆರಂಭವಾಯಿತು. ಮುಖ್ಯ ಎಂಜಿನಿಯರ್ ಹರುಹಿಕೊ ತನಹಾಶಿ. 2005ರಲ್ಲಿ ಅಮೆರಿಕದ ಡೆಟ್ರಾಯಿಟ್ ಪ್ರದರ್ಶನದಲ್ಲಿ ಮೊದಲ ಪರಿಕಲ್ಪನಾ ಮಾದರಿಯನ್ನು ತೋರಿಸಲಾಯಿತು. 2008ರಲ್ಲಿ ಪ್ರಾಯೋಗಿಕ ಕಾರನ್ನು ಜರ್ಮನಿಯ ನುರ್ಬರ್ಗ್‌ರಿಂಗ್ ಓಟದ ಹಾದಿಯಲ್ಲಿ 24 ಗಂಟೆಗಳ ಸ್ಪರ್ಧೆಗೆ ಇಳಿಸಲಾಯಿತು. ಮಾರಾಟದ ರೂಪವು 2009ರ ಅಕ್ಟೋಬರಿನಲ್ಲಿ ಟೋಕಿಯೊ ಪ್ರದರ್ಶನದಲ್ಲಿ ಅನಾವರಣಗೊಂಡಿತು. ಟೊಯೊಟಾ ನಗರದ ಮೊಟೊಮಾಚಿ ಕಾರ್ಖಾನೆಯ ಪ್ರತ್ಯೇಕ ವಿಭಾಗದಲ್ಲಿ 2010ರ ಡಿಸೆಂಬರಿನಲ್ಲಿ ತಯಾರಿಕೆ ಆರಂಭವಾಗಿ, ತಿಂಗಳಿಗೆ 20 ಕಾರುಗಳಂತೆ ನಡೆದು, 2012ರ ಡಿಸೆಂಬರ್ 14ರಂದು ಐನೂರನೆಯ ಕಾರು ಹೊರಬಂದಿತು. ಮೂಲ ಬೆಲೆ 3,75,000 ಅಮೆರಿಕನ್ ಡಾಲರ್. ಐನೂರರ ಪೈಕಿ 50 ಕಾರುಗಳನ್ನು ಓಟದ ಹಾದಿಗೆ ಒಪ್ಪುವಂತೆ ವಿಶೇಷವಾಗಿ ಸಜ್ಜುಗೊಳಿಸಲಾಗಿತ್ತು.

ಈ ಹಾದಿ ಸುಗಮವಾಗಿರಲಿಲ್ಲ. ಟೊಯೊಟಾದ ಪ್ರಧಾನ ಪರೀಕ್ಷಾ ಚಾಲಕರಾಗಿದ್ದ ಹಿರೋಮು ನರುಸೆ ಅವರು 2010ರ ಜೂನ್ 23ರಂದು ನುರ್ಬರ್ಗ್‌ರಿಂಗ್ ಸಮೀಪದ ಸಾರ್ವಜನಿಕ ರಸ್ತೆಯಲ್ಲಿ ಇದೇ ಕಾರಿನ ಪ್ರಾಯೋಗಿಕ ಮಾದರಿಯನ್ನು ಚಲಾಯಿಸುತ್ತಿದ್ದಾಗ ಅಪಘಾತದಲ್ಲಿ ಮೃತಪಟ್ಟರು. ತಯಾರಿಕೆ ಆರಂಭವಾಗಲು ಆಗ ಇನ್ನೂ ಆರು ತಿಂಗಳುಗಳಿದ್ದವು.

ಎಂಜಿನ್: ಹತ್ತು ಸಿಲಿಂಡರುಗಳ ಲೆಕ್ಕ

ಎಲ್‌ಎಫ್‌ಎ ಕಾರಿನ ಎಂಜಿನನ್ನು ಟೊಯೊಟಾ ಮತ್ತು ಯಮಹಾ ಸಂಸ್ಥೆಗಳು ಜೊತೆಗೂಡಿ ರೂಪಿಸಿದವು. ಇಂಗ್ಲಿಷಿನ ‘ವಿ’ ಅಕ್ಷರದಂತೆ ಎರಡು ಸಾಲುಗಳಲ್ಲಿ ಐದೈದು ಸಿಲಿಂಡರುಗಳು. ಒಟ್ಟು ಗಾತ್ರ 4.8 ಲೀಟರ್. ನಿಮಿಷಕ್ಕೆ 8,700 ಸುತ್ತುಗಳಲ್ಲಿ 560 ಅಶ್ವಶಕ್ತಿ, 6,800 ಸುತ್ತುಗಳಲ್ಲಿ 480 ನ್ಯೂಟನ್ ಮೀಟರ್ ಟಾರ್ಕ್. ಗರಿಷ್ಠ ಮಿತಿ ನಿಮಿಷಕ್ಕೆ 9,000 ಸುತ್ತು. ಲೀಟರೊಂದಕ್ಕೆ ಸುಮಾರು 116 ಅಶ್ವಶಕ್ತಿ ಎಂದಾಯಿತು. ಟರ್ಬೊ ನೆರವಿಲ್ಲದೆ, ಕೇವಲ ಸಹಜವಾಗಿ ಗಾಳಿ ಎಳೆದುಕೊಳ್ಳುವ ಎಂಜಿನಿಗೆ ಇದು ಉನ್ನತ ಮಟ್ಟ.

ಎರಡು ಸಾಲುಗಳ ನಡುವಣ ಕೋನ 72 ಡಿಗ್ರಿ. ನಾಲ್ಕು ಹೊಡೆತಗಳ ಎಂಜಿನಿನಲ್ಲಿ ಒಂದು ಪೂರ್ಣ ಆವರ್ತಕ್ಕೆ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು, ಅಂದರೆ 720 ಡಿಗ್ರಿ ತಿರುಗುತ್ತದೆ. ಅದನ್ನು ಹತ್ತು ಸಿಲಿಂಡರುಗಳಿಗೆ ಸಮನಾಗಿ ಹಂಚಿದರೆ 72 ಡಿಗ್ರಿಗೊಮ್ಮೆ ಒಂದು ಸಿಲಿಂಡರು ಉರಿಯುತ್ತದೆ. ಕೋನವೂ 72 ಆಗಿರುವುದರಿಂದ ಉರಿಯುವಿಕೆ ಸಮಾನ ಅಂತರದಲ್ಲಿ ನಡೆಯುತ್ತದೆ. ನಿಮಿಷಕ್ಕೆ 9,000 ಸುತ್ತುಗಳ ವೇಗದಲ್ಲಿ ಪ್ರತಿ ಸೆಕೆಂಡಿಗೆ 750 ಬಾರಿ ಇಂಧನ ಉರಿಯುತ್ತದೆ. ಈ ಎಂಜಿನಿನ ಪ್ರಖ್ಯಾತವಾದ ಧ್ವನಿಗೆ ಮೂಲಕಾರಣ ಈ ಸಮಲಯವೇ. ಆ ಧ್ವನಿಯನ್ನು ಹದಗೊಳಿಸುವ ಕೆಲಸದಲ್ಲಿ ಸಂಗೀತವಾದ್ಯ ತಯಾರಿಕೆಗೆ ಹೆಸರಾದ ಯಮಹಾದ ಶಬ್ದತಜ್ಞರೂ ಕೈಜೋಡಿಸಿದ್ದರು.

ಪಿಸ್ಟನ್ನಿನ ಒಂದು ಹೊಡೆತದ ಉದ್ದ 79 ಮಿಲಿಮೀಟರ್. 9,000 ಸುತ್ತುಗಳಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ 23 ಮೀಟರಿಗೂ ಅಧಿಕ. ಸೆಕೆಂಡಿಗೆ 300 ಬಾರಿ ದಿಕ್ಕು ಬದಲಿಸುವ ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಭಾರವಾಗಿದ್ದರೆ ಆ ಭಾರವೇ ಅದನ್ನು ಮುರಿಯುತ್ತದೆ. ಆದ್ದರಿಂದ ಕನೆಕ್ಟಿಂಗ್ ರಾಡ್‌ಗಳನ್ನೂ ವಾಲ್ವ್‌ಗಳನ್ನೂ ಟೈಟಾನಿಯಂ ಲೋಹದಿಂದ ಮಾಡಲಾಯಿತು. ಪ್ರತಿ ಸಿಲಿಂಡರಿಗೂ ಪ್ರತ್ಯೇಕ ಥ್ರಾಟಲ್ ಅಳವಡಿಸಲಾಯಿತು. ಎಂಜಿನಿನ ತಳದಲ್ಲಿ ಎಣ್ಣೆ ನಿಲ್ಲಿಸುವ ಬದಲು ಪ್ರತ್ಯೇಕ ತೊಟ್ಟಿಯಲ್ಲಿ ಇರಿಸಲಾಯಿತು. ಇದರಿಂದ ಎಂಜಿನನ್ನು ಇನ್ನಷ್ಟು ಕೆಳಗೆ ಕೂರಿಸಲು ಸಾಧ್ಯವಾಯಿತು. ಕಡಿದಾದ ತಿರುವುಗಳಲ್ಲಿ ಎಣ್ಣೆ ಒಂದೇ ಬದಿಗೆ ಸರಿದು ಭಾಗಗಳು ಒಣಗುವ ಅಪಾಯವೂ ತಪ್ಪಿತು.

ಈ ಹಗುರತನದ ಪರಿಣಾಮವಾಗಿ, ನಿಂತಲ್ಲಿ ನಿಧಾನವಾಗಿ ತಿರುಗುತ್ತಿರುವ ಎಂಜಿನ್ 0.6 ಸೆಕೆಂಡಿನಲ್ಲಿ 9,000 ಸುತ್ತುಗಳನ್ನು ಮುಟ್ಟುತ್ತದೆ. ಮುಳ್ಳಿರುವ ಸಾಮಾನ್ಯ ಮಾಪಕಕ್ಕೆ ಅಷ್ಟು ಶೀಘ್ರವಾಗಿ ಚಲಿಸಲು ಆಗದು ಎಂಬ ಕಾರಣಕ್ಕೆ ಪರದೆಯ ಮೇಲೆ ಮೂಡುವ ಡಿಜಿಟಲ್ ಮಾಪಕವನ್ನು ಬಳಸಬೇಕಾಯಿತು. ಪ್ರತಿ ಎಂಜಿನನ್ನೂ ನುರಿತ ತಂತ್ರಜ್ಞರೊಬ್ಬರು ಕೈಯಾರೆ ಜೋಡಿಸಿ, ಅದರ ಮೇಲೆ ತಮ್ಮ ಸಹಿಯಿರುವ ಫಲಕವನ್ನು ಅಳವಡಿಸುತ್ತಿದ್ದರು. ಕೆಲಸಕ್ಕೆ ಹೆಸರು ಅಂಟಿದರೆ ಹೊಣೆಯೂ ಅಂಟುತ್ತದೆ ಎಂಬುದನ್ನು ಸಣ್ಣ ಕಾರ್ಖಾನೆ ನಡೆಸುವವರಿಗೆ ವಿವರಿಸಬೇಕಾಗಿಲ್ಲ.

ದೇಹ: ಅಲ್ಯೂಮಿನಿಯಂ ಬಿಟ್ಟು ಇಂಗಾಲದ ಎಳೆಗೆ

ಆರಂಭದಲ್ಲಿ ಕಾರಿನ ದೇಹವನ್ನು ಅಲ್ಯೂಮಿನಿಯಂನಿಂದ ಕಟ್ಟುವ ಯೋಜನೆಯಿತ್ತು. ಸುಮಾರು ಐದು ವರ್ಷಗಳ ಕೆಲಸವಾದ ಬಳಿಕ, 2005ರ ಸುಮಾರಿಗೆ, ಆ ಯೋಜನೆಯನ್ನು ಕೈಬಿಟ್ಟು ಕಾರ್ಬನ್ ಫೈಬರ್ ಆಯ್ದುಕೊಳ್ಳಲಾಯಿತು. ತೂಕದ ಲೆಕ್ಕದಲ್ಲಿ ದೇಹದ ಶೇಕಡಾ 65 ಭಾಗ ಕಾರ್ಬನ್ ಫೈಬರ್ ಮಿಶ್ರಣ, ಶೇಕಡಾ 35 ಭಾಗ ಅಲ್ಯೂಮಿನಿಯಂ ಮಿಶ್ರಲೋಹ. ಅಲ್ಯೂಮಿನಿಯಂ ದೇಹಕ್ಕೆ ಹೋಲಿಸಿದರೆ ಸುಮಾರು 100 ಕೆ.ಜಿ. ಉಳಿತಾಯವಾಯಿತು.

ಕಾರ್ಬನ್ ಫೈಬರ್ ಎಂದರೇನು? ನಮ್ಮವರಿಗೆ ರೇಷ್ಮೆಯ ಹೋಲಿಕೆಯಿಂದ ಅದು ಸುಲಭವಾಗಿ ಅರ್ಥವಾಗುತ್ತದೆ. ರೇಷ್ಮೆಗೂಡಿನ ಒಂದು ಎಳೆ ಕಣ್ಣಿಗೆ ಕಾಣದಷ್ಟು ತೆಳು. ಬಿಚ್ಚಾಣಿಕೆಯಲ್ಲಿ ಹಲವು ಗೂಡುಗಳ ಎಳೆಗಳನ್ನು ಒಟ್ಟುಗೂಡಿಸಿದಾಗ ಮಾತ್ರ ಮಗ್ಗಕ್ಕೆ ಒದಗುವ ನೂಲಾಗುತ್ತದೆ. ಇಂಗಾಲದ ಎಳೆಯೂ ಹಾಗೆಯೇ. ಅದರ ದಪ್ಪ ಒಂದು ಮಿಲಿಮೀಟರಿನ ಸಾವಿರದಲ್ಲಿ ಐದರಿಂದ ಏಳು ಭಾಗ. ಅಕ್ರಿಲಿಕ್ ಜಾತಿಯ ಕೃತಕ ಎಳೆಯನ್ನು ಮೊದಲು ಹದವಾದ ಶಾಖದಲ್ಲಿ ಗಾಳಿಯೊಡನೆ ಕಾಯಿಸಿ, ಅನಂತರ ಆಮ್ಲಜನಕವಿಲ್ಲದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮೀರಿದ ಶಾಖಕ್ಕೆ ಒಡ್ಡಿದರೆ ಬಹುಪಾಲು ಇಂಗಾಲವೇ ಉಳಿಯುತ್ತದೆ. ಇಂತಹ ಸಾವಿರಾರು ಎಳೆಗಳನ್ನು ಸೇರಿಸಿ ಹುರಿಯಂತೆ ಮಾಡಿ, ಬಟ್ಟೆಯಾಗಿ ನೇಯ್ದು, ರಾಳದಲ್ಲಿ ನೆನೆಸಿ, ಅಚ್ಚಿನಲ್ಲಿಟ್ಟು ಬಿಸಿ ಮಾಡಿದರೆ ಗಟ್ಟಿಯಾದ ಭಾಗ ದೊರೆಯುತ್ತದೆ.

ಈ ವಸ್ತುವಿನ ಬಲವೆಲ್ಲ ಎಳೆಯ ಉದ್ದಕ್ಕೆ ಮಾತ್ರ. ಉಕ್ಕಿನ ತಗಡಿನಂತೆ ಎಲ್ಲ ದಿಕ್ಕಿಗೂ ಒಂದೇ ಬಲವಿಲ್ಲ. ಆದ್ದರಿಂದ ಭಾರ ಬೀಳುವ ದಿಕ್ಕಿಗೆ ಎಳೆಯನ್ನು ಹಾಸಬೇಕು. ಎಲ್‌ಎಫ್‌ಎಯಲ್ಲಿ ಮೂರು ವಿಧಾನಗಳನ್ನು ಅನುಸರಿಸಲಾಯಿತು. ಪ್ರಯಾಣಿಕರ ಕೋಣೆಗೆ ಮೊದಲೇ ರಾಳ ತುಂಬಿದ ಬಟ್ಟೆಯನ್ನು ಕೈಯಿಂದ ಪದರ ಪದರವಾಗಿ ಹಾಸಿ, ಒತ್ತಡದ ಒಲೆಯಲ್ಲಿ ಬೇಯಿಸುವ ವಿಧಾನ. ನೆಲ, ಚಾವಣಿ, ಎಂಜಿನ್ ಮುಚ್ಚಳಗಳಿಗೆ ಒಣ ಬಟ್ಟೆಯನ್ನು ಅಚ್ಚಿನಲ್ಲಿಟ್ಟು ರಾಳವನ್ನು ಒಳಹರಿಸುವ ವಿಧಾನ. ಹಿಂಬದಿಯ ಕಂಬ ಮತ್ತು ಹಿಂಬದಿಯ ನೆಲಕ್ಕೆ ತುಂಡೆಳೆಗಳ ಹಾಳೆಯನ್ನು ಒತ್ತಿ ಅಚ್ಚು ಮಾಡುವ ವಿಧಾನ. ಭಾಗದ ಕೆಲಸ ಯಾವುದೋ ಅದಕ್ಕೆ ತಕ್ಕ ವಿಧಾನವೇ ಹೊರತು, ಎಲ್ಲೆಡೆ ದುಬಾರಿ ವಿಧಾನವನ್ನು ಬಳಸಲಿಲ್ಲ ಎಂಬುದನ್ನು ಗಮನಿಸಬೇಕು.

ಮಗ್ಗದ ಪುನರಾಗಮನ

ಗಾಜಿನ ಪಕ್ಕದಲ್ಲಿ ಮೇಲೇರಿ ಚಾವಣಿಯ ಅಂಚಿನುದ್ದಕ್ಕೂ ಬಾಗಿ ಹೋಗುವ ಚೌಕಟ್ಟು ಕಾರಿನ ಅತಿ ಮುಖ್ಯ ಭಾಗಗಳಲ್ಲೊಂದು. ಕಾರು ಮಗುಚಿದರೆ ಪ್ರಯಾಣಿಕರ ಪ್ರಾಣ ಅದರ ಮೇಲೆ ನಿಂತಿರುತ್ತದೆ. ಅದು ತೆಳ್ಳಗಿರಬೇಕು, ಬಾಗಿರಬೇಕು, ಒಳಗೆ ಟೊಳ್ಳಾಗಿರಬೇಕು, ನಡುವೆ ಬೆಸುಗೆ ಇರಬಾರದು. ಚಪ್ಪಟೆ ಬಟ್ಟೆಯನ್ನು ಸುತ್ತಿ ಇದನ್ನು ಮಾಡುವುದು ಕಷ್ಟ.

ಇದಕ್ಕಾಗಿ ಟೊಯೊಟಾ ವೃತ್ತಾಕಾರದ ಮಗ್ಗವೊಂದನ್ನು ರೂಪಿಸಿತು. ಬಾಗಿದ ಅಚ್ಚು ನಡುವೆ ಮುಂದೆ ಸರಿಯುತ್ತಿದ್ದಂತೆ ಸುತ್ತಲಿನ ಕಂಡಿಕೆಗಳಿಂದ ಇಂಗಾಲದ ಎಳೆಗಳು ಬಂದು ಅದರ ಮೇಲೆ ಕೊಳವೆಯಂತೆ ನೇಯ್ದುಕೊಳ್ಳುತ್ತವೆ. ಲೇಸರ್ ಕಿರಣವು ನೇಯ್ಗೆಯನ್ನು ಎಡೆಬಿಡದೆ ಪರೀಕ್ಷಿಸುತ್ತದೆ. ಎಳೆ ಹರಿದರೆ ನಿಲ್ಲುತ್ತಿದ್ದ 1924ರ ಮಗ್ಗದ ತತ್ತ್ವವೇ ಇಲ್ಲಿ ಹೊಸ ರೂಪದಲ್ಲಿ ಮರಳಿದೆ ಎನ್ನಬಹುದು. ಎಂಬತ್ತು ವರ್ಷಗಳ ಹಿಂದಿನ ವೃತ್ತಿಯ ತಿಳಿವಳಿಕೆ ಸಂಸ್ಥೆಯೊಳಗೆ ಉಳಿದುಬಂದಿದ್ದರಿಂದ ಈ ಮಾರ್ಗ ಅವರಿಗೆ ಗೋಚರಿಸಿತು. ಮುಖ್ಯವಾದ ಭಾಗವನ್ನು ಹೊರಗಿನಿಂದ ಕೊಂಡುತಂದಿದ್ದರೆ ಕಾರು ಬೇಗ ಸಿದ್ಧವಾಗುತ್ತಿತ್ತೇನೋ. ಆದರೆ ವಿದ್ಯೆ ಹೊರಗಿನವರಲ್ಲೇ ಉಳಿಯುತ್ತಿತ್ತು.

ತೂಕ, ವೇಗ, ತಡೆ

ಸಿದ್ಧವಾದ ಕಾರಿನ ತೂಕ 1,480 ಕೆ.ಜಿ. ಒಂದು ಅಶ್ವಶಕ್ತಿಗೆ ಸುಮಾರು 2.6 ಕೆ.ಜಿ. ಭಾರ. ನಿಂತ ಸ್ಥಿತಿಯಿಂದ ಗಂಟೆಗೆ 100 ಕಿ.ಮೀ. ವೇಗ ತಲುಪಲು 3.7 ಸೆಕೆಂಡು. ಗರಿಷ್ಠ ವೇಗ ಗಂಟೆಗೆ 325 ಕಿ.ಮೀ. ಎಂಜಿನ್ ಮುಂಭಾಗದಲ್ಲಿದ್ದರೂ ಮುಂದಿನ ಚಕ್ರಗಳ ಅಚ್ಚಿಗಿಂತ ಹಿಂದಕ್ಕೆ ಸರಿದಿದೆ. ಗೇರ್‌ಬಾಕ್ಸನ್ನೂ ರೇಡಿಯೇಟರ್‌ಗಳನ್ನೂ ಹಿಂಭಾಗಕ್ಕೆ ಒಯ್ಯಲಾಗಿದೆ. ಹೀಗಾಗಿ ತೂಕವು ಮುಂದೆ ಶೇಕಡಾ 48, ಹಿಂದೆ ಶೇಕಡಾ 52ರಂತೆ ಹಂಚಿಕೆಯಾಗಿ, ತಿರುವುಗಳಲ್ಲಿ ಕಾರು ಹಿಡಿತ ತಪ್ಪದಂತೆ ನೆರವಾಗುತ್ತದೆ.

ವೇಗ ಹೆಚ್ಚಿದಂತೆ ಸಮಸ್ಯೆಗಳು ಅದೇ ಪ್ರಮಾಣದಲ್ಲಿ ಹೆಚ್ಚುವುದಿಲ್ಲ, ಅದಕ್ಕೂ ಮೀರಿ ಹೆಚ್ಚುತ್ತವೆ. ವೇಗ ಇಮ್ಮಡಿಯಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಅದನ್ನು ಗೆಲ್ಲಲು ಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ. ಬ್ರೇಕಿನ ಹೊರೆಯೂ ಹಾಗೆಯೇ. 325 ಕಿ.ಮೀ. ವೇಗದಲ್ಲಿರುವ ಕಾರನ್ನು ನಿಲ್ಲಿಸುವಾಗ ಹೊರಬೀಳುವ ಶಾಖವು 100 ಕಿ.ಮೀ. ವೇಗದಿಂದ ನಿಲ್ಲಿಸುವಾಗಿನ ಶಾಖಕ್ಕಿಂತ ಹತ್ತು ಪಟ್ಟಿಗೂ ಅಧಿಕ. ಆದ್ದರಿಂದಲೇ ಮುಂದೆ 390, ಹಿಂದೆ 360 ಮಿಲಿಮೀಟರ್ ವ್ಯಾಸದ ಕಾರ್ಬನ್–ಸೆರಾಮಿಕ್ ಬ್ರೇಕ್ ಬಿಲ್ಲೆಗಳನ್ನು ಜೋಡಿಸಲಾಗಿದೆ. ಗಂಟೆಗೆ 80 ಕಿ.ಮೀ. ಮೀರಿದೊಡನೆ ಹಿಂಬದಿಯ ರೆಕ್ಕೆ ತಾನಾಗಿ ಮೇಲೆದ್ದು ಕಾರನ್ನು ನೆಲಕ್ಕೆ ಒತ್ತುತ್ತದೆ.

ವಿಶೇಷವಾಗಿ ಸಜ್ಜುಗೊಂಡ ಎಲ್‌ಎಫ್‌ಎ 2011ರಲ್ಲಿ ನುರ್ಬರ್ಗ್‌ರಿಂಗ್‌ನ ಸುಮಾರು 21 ಕಿ.ಮೀ. ಉದ್ದದ ಹಾದಿಯನ್ನು 7 ನಿಮಿಷ 14.64 ಸೆಕೆಂಡುಗಳಲ್ಲಿ ಸುತ್ತಿತು. ಏರಿಳಿತ, ತಿರುವುಗಳಿಂದ ತುಂಬಿದ ಹಾದಿಯಲ್ಲಿ ಸರಾಸರಿ ಗಂಟೆಗೆ 170 ಕಿ.ಮೀ.! ನರುಸೆಯವರು ಈ ಸಾಧನೆಯನ್ನು ನೋಡಲು ಬದುಕಿರಲಿಲ್ಲ.

ಸಂಖ್ಯೆಯೇ ವಿಧಾನವನ್ನು ನಿರ್ಧರಿಸುತ್ತದೆ

ಈಗ ವ್ಯಾಪಾರಿಯ ದೃಷ್ಟಿಗೆ ಬರೋಣ. ಐನೂರು ಎಂಬ ಸಂಖ್ಯೆ ಕೇವಲ ಪ್ರತಿಷ್ಠೆಗಾಗಿ ಇಟ್ಟುಕೊಂಡದ್ದಲ್ಲ. ತಯಾರಿಕೆಯ ವಿಧಾನಕ್ಕೂ ಸಂಖ್ಯೆಗೂ ನೇರ ಸಂಬಂಧವಿದೆ. ಇದನ್ನು ಒಂದು ಕಲ್ಪಿತ ಲೆಕ್ಕದಿಂದ ಅರಿಯಬಹುದು.

ಒಂದು ಬಾಗಿಲ ಭಾಗವನ್ನು ಪ್ರೆಸ್‌ನಲ್ಲಿ ಒತ್ತಿ ಮಾಡಲು ಬೇಕಾದ ಡೈಗಳಿಗೆ 50 ಲಕ್ಷ ರೂಪಾಯಿ, ಬಳಿಕ ಪ್ರತಿ ಭಾಗಕ್ಕೆ ಸಾಮಗ್ರಿ ಮತ್ತು ಕೂಲಿ ಸೇರಿ 400 ರೂಪಾಯಿ ಎಂದಿಟ್ಟುಕೊಳ್ಳೋಣ. ಅದೇ ಭಾಗವನ್ನು ಕೈಯಿಂದ ಹಾಸಿ ಅಚ್ಚು ಮಾಡಲು ಅಚ್ಚಿಗೆ 5 ಲಕ್ಷ, ಪ್ರತಿ ಭಾಗಕ್ಕೆ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಒಂದು ಲಕ್ಷ ಭಾಗಗಳನ್ನು ಮಾಡುವುದಾದರೆ ಪ್ರೆಸ್ ವಿಧಾನದಲ್ಲಿ ತಲಾ 450 ರೂಪಾಯಿ, ಕೈವಿಧಾನದಲ್ಲಿ ತಲಾ 6,005 ರೂಪಾಯಿ. ಇಲ್ಲಿ ಕೈಗೆಲಸಕ್ಕೆ ಸ್ಥಾನವೇ ಇಲ್ಲ. ಐನೂರು ಭಾಗಗಳಿಗಾದರೆ ಪ್ರೆಸ್ ವಿಧಾನದಲ್ಲಿ ತಲಾ 10,400 ರೂಪಾಯಿ, ಕೈವಿಧಾನದಲ್ಲಿ ತಲಾ 7,000 ರೂಪಾಯಿ. ಲೆಕ್ಕ ತಿರುಗಿಬಿತ್ತು! ಈ ಉದಾಹರಣೆಯಲ್ಲಿ ಸುಮಾರು 800 ಭಾಗಗಳು ಗಡಿರೇಖೆ. ಅದಕ್ಕಿಂತ ಕೆಳಗೆ ಕೈ ಗೆಲ್ಲುತ್ತದೆ, ಮೇಲೆ ಯಂತ್ರ ಗೆಲ್ಲುತ್ತದೆ.

ಪ್ರತಿಯೊಂದು ವಸ್ತುವಿಗೂ ಇಂತಹ ಗಡಿರೇಖೆಯೊಂದಿರುತ್ತದೆ. ತನ್ನ ಸರಕಿನ ಗಡಿರೇಖೆ ಎಲ್ಲಿದೆ ಎಂಬುದನ್ನು ಅರಿಯದ ತಯಾರಕನು ಯಂತ್ರದೊಡನೆ ಕೈಯಿಂದಲೂ, ಕೈಯೊಡನೆ ಯಂತ್ರದಿಂದಲೂ ಸ್ಪರ್ಧಿಸಿ ಎರಡು ಕಡೆಯೂ ಸೋಲುತ್ತಾನೆ.

ಲಾಭ ಯಾವುದು?

ಎಲ್‌ಎಫ್‌ಎ ಮಾರಾಟದಿಂದಲೇ ಹಣ ಗಳಿಸಲು ಹುಟ್ಟಿದ ಕಾರಲ್ಲ. ಐನೂರು ಕಾರುಗಳ ಮೂಲ ಬೆಲೆಯ ಒಟ್ಟು ಮೊತ್ತ 18.75 ಕೋಟಿ ಡಾಲರ್. ಹತ್ತು ವರ್ಷಗಳ ಸಂಶೋಧನೆ, ನಡುವೆ ಬದಲಾದ ದೇಹ, ಹೊಸ ಎಂಜಿನ್, ಹೊಸ ಮಗ್ಗ ಇವೆಲ್ಲವನ್ನೂ ಆ ಮೊತ್ತದ ಮುಂದಿಟ್ಟು ನೋಡಿದರೆ ಉಳಿಯುವುದೇನೆಂದು ಯಾವ ವ್ಯಾಪಾರಿಯೂ ಊಹಿಸಬಲ್ಲ. ಮಾರಾಟವೂ ತ್ವರಿತವಾಗಿ ಆಗಲಿಲ್ಲ; ತಯಾರಿಕೆ ನಿಂತು ನಾಲ್ಕು ವರ್ಷಗಳು ಕಳೆದ ಬಳಿಕ, 2017ರಲ್ಲಿಯೂ ಅಮೆರಿಕದ ಮಾರಾಟಗಾರರ ಬಳಿ ಕೆಲವು ಹೊಸ ಕಾರುಗಳು ಉಳಿದಿದ್ದವು. ಮುಂದೆ ಹರಾಜುಗಳಲ್ಲಿ ಇವುಗಳ ಬೆಲೆ ಹತ್ತು ಲಕ್ಷ ಡಾಲರುಗಳನ್ನೂ ಮೀರಿದ್ದುಂಟು. ಆದರೆ ಆ ಏರಿಕೆ ಕಾರುಗಳನ್ನು ಕೊಂಡವರ ಪಾಲಾಯಿತೇ ಹೊರತು ತಯಾರಕರ ಪಾಲಾಗಲಿಲ್ಲ.

ತಯಾರಕರಿಗೆ ಉಳಿದದ್ದು ವಿದ್ಯೆ ಮತ್ತು ನುರಿತ ಕೈಗಳು. ಎಲ್‌ಎಫ್‌ಎ ತಯಾರಾದ ಅದೇ ವಿಭಾಗದಲ್ಲಿ 2014ರಿಂದ ಜಲಜನಕದಿಂದ ಓಡುವ ಮಿರಾಯ್ ಕಾರಿನ ಕೈಜೋಡಣೆ ಆರಂಭವಾಯಿತು. ಅತ್ಯಧಿಕ ಒತ್ತಡದಲ್ಲಿ ಜಲಜನಕವನ್ನು ಹಿಡಿದಿಡುವ ಮಿರಾಯ್‌ನ ತೊಟ್ಟಿಗಳಿಗೂ ಇಂಗಾಲದ ಎಳೆಯೇ ಆಧಾರ. ಇದೇ ಮಿರಾಯ್ ಕಾರನ್ನು ಭಾರತದ ಹವೆ ಮತ್ತು ರಸ್ತೆಗಳಲ್ಲಿ ಪರೀಕ್ಷಿಸುವ ಪ್ರಾಯೋಗಿಕ ಯೋಜನೆಯನ್ನು ಟೊಯೊಟಾ ಕಿರ್ಲೋಸ್ಕರ್ ಸಂಸ್ಥೆಯು 2022ರ ಮಾರ್ಚ್‌ನಲ್ಲಿ ಕೈಗೊಂಡಿತು.

2025ರ ಡಿಸೆಂಬರಿನಲ್ಲಿ ಟೊಯೊಟಾ ತನ್ನ ಹೊಸ ಕ್ರೀಡಾ ಕಾರುಗಳೊಡನೆ ಎಲ್‌ಎಫ್‌ಎ ಹೆಸರಿನ ವಿದ್ಯುತ್ ಚಾಲಿತ ಪರಿಕಲ್ಪನಾ ಮಾದರಿಯನ್ನೂ ಪ್ರದರ್ಶಿಸಿತು. ಆ ಸಂದರ್ಭದಲ್ಲಿ ಸಂಸ್ಥೆಯು ಜಪಾನಿನ ಇಸೆ ದೇಗುಲದ ಪದ್ಧತಿಯನ್ನು ನೆನೆಯಿತು. ಆ ದೇಗುಲವನ್ನು 20 ವರ್ಷಗಳಿಗೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಇದರಿಂದ ಹಿರಿಯ ಬಡಗಿಯ ಕೈಯಲ್ಲಿರುವ ವಿದ್ಯೆ ಆತನ ಕಣ್ಣೆದುರಿನಲ್ಲೇ ಕಿರಿಯರಿಗೆ ದಾಟುತ್ತದೆ. ಟೊಯೊಟಾದ ಸೀಮಿತ ಸಂಖ್ಯೆಯ ಕಾರುಗಳೂ ಅದೇ ಕೆಲಸವನ್ನು ಮಾಡುತ್ತವೆ. 1967ರಿಂದ 1970ರವರೆಗೆ ಯಮಹಾದೊಡನೆ ಸುಮಾರು 350ರಷ್ಟೇ ತಯಾರಾದ 2000ಜಿಟಿ, ಅನಂತರ ಎಲ್‌ಎಫ್‌ಎ, ಈಗಿನ ಹೊಸ ಕಾರುಗಳು ಹೀಗೆ ಒಂದೇ ಸರಪಳಿಯ ಕೊಂಡಿಗಳಾಗಿವೆ.

ನಮ್ಮ ನಾಲ್ಕು ತಾಲ್ಲೂಕುಗಳಿಗೆ ಅನ್ವಯ

ನಮ್ಮಲ್ಲಿ ಯಾರೂ ಸೂಪರ್‌ಕಾರು ಕಟ್ಟಲು ಹೊರಟಿಲ್ಲ. ಆದರೆ ಮೇಲಿನ ತತ್ತ್ವಗಳು ನಮ್ಮ ವೃತ್ತಿಗಳಿಗೂ ಸಲ್ಲುತ್ತವೆ.

ಮೊದಲನೆಯದಾಗಿ ಚನ್ನಪಟ್ಟಣದ ಗೊಂಬೆ. ಆಲೆಮರದ ತುಂಡನ್ನು ತಿರುಗುಯಂತ್ರಕ್ಕೆ ಕೂರಿಸಿ, ಉಳಿಯಿಂದ ರೂಪ ಕೊಟ್ಟು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಮೆರುಗು ಬರಿಸುವ ಈ ಕಸುಬಿಗೆ ಡೈ ಬೇಡ, ಲಕ್ಷಾಂತರ ರೂಪಾಯಿಯ ಅಚ್ಚೂ ಬೇಡ. ಕುಶಲಕರ್ಮಿಯು ಬೆಳಿಗ್ಗೆ ಒಂದು ಮಾದರಿಯನ್ನೂ ಮಧ್ಯಾಹ್ನ ಮತ್ತೊಂದನ್ನೂ ಮಾಡಬಲ್ಲ. ಐವತ್ತು ಅಥವಾ ಐನೂರು ನಗಗಳ ಬೇಡಿಕೆಯಲ್ಲಿ ಈ ಕಸುಬನ್ನು ಪ್ಲಾಸ್ಟಿಕ್ ಅಚ್ಚಿನ ಕಾರ್ಖಾನೆ ಸುಲಭವಾಗಿ ಸೋಲಿಸಲಾರದು. ಐದು ಲಕ್ಷ ನಗಗಳ ಬೇಡಿಕೆಯಲ್ಲಿ ಖಂಡಿತ ಸೋಲಿಸುತ್ತದೆ. ಆದುದರಿಂದ ಶಾಲೆಗಳ ಕಲಿಕಾ ಸಾಧನ, ಸಂಸ್ಥೆಗಳ ಉಡುಗೊರೆ, ವಿನ್ಯಾಸಕಾರರ ವಿಶೇಷ ಮಾದರಿಗಳಂತಹ ಸೀಮಿತ ಸಂಖ್ಯೆಯ ಬೇಡಿಕೆಗಳೇ ಚನ್ನಪಟ್ಟಣದ ಸಹಜ ಮಾರುಕಟ್ಟೆ. ಈ ಗೊಂಬೆಗಳಿಗೆ ಭೌಗೋಳಿಕ ಸೂಚಿಕೆಯ ರಕ್ಷಣೆಯಿದೆ. 2021ರ ಜನವರಿ 1ರಿಂದ ಆಟಿಕೆಗಳಿಗೆ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ, ನೋಂದಾಯಿತ ಕರಕುಶಲಿಗರು ಮತ್ತು ಭೌಗೋಳಿಕ ಸೂಚಿಕೆಯ ಅಧಿಕೃತ ಬಳಕೆದಾರರು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿ ನೀಡಲಾಯಿತು. ನೋಂದಣಿಯಿಲ್ಲದ ಕಸುಬುದಾರನಿಗೆ ಈ ರಕ್ಷಣೆ ದೊರೆಯದು. ಇನ್ನೂ ನೋಂದಾಯಿಸಿಕೊಳ್ಳದವರು ಈ ಕೆಲಸವನ್ನು ಮುಂದೂಡಬಾರದು.

ಎರಡನೆಯದಾಗಿ ರೇಷ್ಮೆ. ಕನಕಪುರ, ಮಾಗಡಿ ಭಾಗದ ಹಿಪ್ಪುನೇರಳೆ ತೋಟಗಳಿಂದ ರಾಮನಗರದ ಗೂಡಿನ ಮಾರುಕಟ್ಟೆಯವರೆಗೆ, ಅಲ್ಲಿಂದ ಬಿಚ್ಚಾಣಿಕೆ ಘಟಕದವರೆಗೆ ಗೂಡು ಸಾಗಿಬರುವ ಹಾದಿಯಲ್ಲಿ ಲಾಟುಗಳು ಬೆರೆತುಹೋಗುತ್ತವೆ. ನೂಲು ಕೊಂಡವನಿಗೆ ಅದರ ಪೂರ್ವಾಪರ ತಿಳಿಯದು. ಎಲ್‌ಎಫ್‌ಎಯ ಪ್ರತಿ ಎಂಜಿನಿಗೂ ಜೋಡಿಸಿದವರ ಸಹಿ ಇದ್ದಂತೆ, ಪ್ರತಿ ಲಾಟಿಗೂ ಗೂಡಿನ ತಳಿ, ಕೊಂಡ ದಿನ, ನೂಲಿನ ಡೆನಿಯರ್, ಬಿಚ್ಚುವಾಗ ಎಳೆ ಹರಿದ ಸಂಖ್ಯೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದಿಡಲು ಯಾವ ಹೊಸ ಯಂತ್ರವೂ ಬೇಕಿಲ್ಲ. ಸಮನಾದ ನೂಲಿಗೆ ಹೆಚ್ಚು ಬೆಲೆ ಕೊಡಲು ಸಿದ್ಧನಿರುವ ನೇಕಾರನಿಗೆ ಬೇಕಾಗಿರುವುದು ಆ ಚೀಟಿಯ ಭರವಸೆ.

ಮೂರನೆಯದಾಗಿ ಬಿಡದಿ, ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಯಂತ್ರಾಗಾರಗಳು. ಒಬ್ಬನೇ ದೊಡ್ಡ ಗ್ರಾಹಕನನ್ನು ನೆಚ್ಚಿ, ಒಂದೇ ಮಾದರಿಯ ಭಾಗವನ್ನು ಲಕ್ಷಗಟ್ಟಲೆ ಮಾಡುವ ಘಟಕವು ಆ ಮಾದರಿ ನಿಂತ ದಿನ ಇಕ್ಕಟ್ಟಿಗೆ ಸಿಲುಕುತ್ತದೆ. ಚೆನ್ನಾಗಿ ಮಾರಾಟವಾಗುತ್ತಿದ್ದ ಕ್ವಾಲಿಸ್‌ನ ಜಾಗಕ್ಕೆ 2005ರಲ್ಲಿ ಇನ್ನೋವಾ ಬಂದದ್ದು ನಮ್ಮೆದುರಿಗಿರುವ ನಿದರ್ಶನ. ಒಟ್ಟು ದುಡಿಮೆಯಲ್ಲಿ ಒಂದು ಪಾಲನ್ನಾದರೂ ಸಣ್ಣ ಲಾಟಿನ, ಕ್ಲಿಷ್ಟವಾದ ಕೆಲಸಗಳಿಗೆ ಮೀಸಲಿಡುವುದು ವಿವೇಕ. ಅಂತಹ ಕೆಲಸಕ್ಕೆ ದರ ಸೂಚಿಸುವಾಗ ಅಚ್ಚು ಮತ್ತು ಜಿಗ್‌ಗಳ ವೆಚ್ಚವನ್ನು ಪ್ರತ್ಯೇಕವಾಗಿ ತೋರಿಸಬೇಕು. ಅವು ಯಾರ ಸ್ವತ್ತೆಂಬುದನ್ನು ಬರಹದಲ್ಲಿ ಸ್ಪಷ್ಟಪಡಿಸಿಕೊಳ್ಳಬೇಕು. ಆ ವೆಚ್ಚವನ್ನು ನಗದ ದರದಲ್ಲಿ ಬೆರೆಸಿದರೆ, ಬೇಡಿಕೆ ಅರ್ಧಕ್ಕೇ ನಿಂತಾಗ ಉಳಿದರ್ಧದ ವೆಚ್ಚ ತಯಾರಕನ ತಲೆಯ ಮೇಲೆ ಬೀಳುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಹತ್ತು ವರ್ಷ ಖರ್ಚು ಮಾಡಿ ಕಲಿಯುವ ಶಕ್ತಿ ಟೊಯೊಟಾಗೆ ಇತ್ತು, ನಮಗೆ ಇಲ್ಲ. ಆದ್ದರಿಂದ ಹೊಸ ಪ್ರಯೋಗಕ್ಕೆ ಇಳಿಯುವ ಮುನ್ನವೇ ಸಂಖ್ಯೆ, ಅವಧಿ, ಹಣ ಈ ಮೂರಕ್ಕೂ ಮಿತಿ ಹಾಕಿಕೊಳ್ಳಬೇಕು. ‘ಇಷ್ಟು ನಗ, ಇಷ್ಟು ತಿಂಗಳು, ಇಷ್ಟು ರೂಪಾಯಿ’ ಎಂದು ಬರೆದಿಟ್ಟು, ಮಿತಿ ಮುಟ್ಟಿದೊಡನೆ ನಿಲ್ಲಿಸಿ ಕಲಿತದ್ದನ್ನು ಲೆಕ್ಕ ಹಾಕಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತಿಗೆ ಇಲ್ಲಿ ವಿಶೇಷ ಬೆಲೆಯಿದೆ. ಎಲ್‌ಎಫ್‌ಎ ಐನೂರಕ್ಕೇ ನಿಂತಿತು. ಅದಕ್ಕೆ ದುಡಿದ ಕೈಗಳಿಗೆ ಮುಂದಿನ ಕೆಲಸ ಅಲ್ಲಿಂದಲೇ ಆರಂಭವಾಯಿತು.

ಸ್ವಯಂ ಅಭ್ಯಾಸಕ್ಕೆ

1. ನಿಮ್ಮ ಮುಖ್ಯ ಸರಕನ್ನು ಕೈಯಿಂದ ಮತ್ತು ಯಂತ್ರದಿಂದ ಮಾಡುವ ವೆಚ್ಚಗಳನ್ನು ಪ್ರತ್ಯೇಕವಾಗಿ ಬರೆದು, ಎಷ್ಟು ನಗಗಳಿಗೆ ಎರಡೂ ಸಮನಾಗುತ್ತವೆ ಎಂದು ಕಂಡುಕೊಳ್ಳಿರಿ.

2. ನಿಮ್ಮ ತಯಾರಿಕೆಯಲ್ಲಿ ದೋಷವುಂಟಾದೊಡನೆ ಕೆಲಸ ನಿಲ್ಲುವ ಏರ್ಪಾಡು ಇದೆಯೇ? ಇಲ್ಲದಿದ್ದರೆ ಯಾವ ಹಂತದಲ್ಲಿ ಅದು ಅವಶ್ಯ?

3. ನಿಮ್ಮ ಕಾರ್ಖಾನೆಯಲ್ಲಿ ಒಬ್ಬರಿಗೇ ಗೊತ್ತಿರುವ ಕೆಲಸ ಯಾವುದು? ಅವರು ನಿವೃತ್ತರಾಗುವ ಮುನ್ನ ಅದನ್ನು ಯಾರಿಗೆ, ಯಾವ ಕೆಲಸದ ಮೂಲಕ ಕಲಿಸುವಿರಿ?

4. ಒಬ್ಬ ಗ್ರಾಹಕನ ಬೇಡಿಕೆ ಮುಂದಿನ ತಿಂಗಳೇ ನಿಂತರೆ ನಿಮ್ಮ ಯಂತ್ರಗಳಲ್ಲಿ ಎಷ್ಟಕ್ಕೆ ಬೇರೆ ಕೆಲಸ ಒದಗಿಸಬಲ್ಲಿರಿ?